ಮನೆ ಬಿಯರ್ ಸ್ಟ್ರಾಂಗ್ ಆಯ್ತಾ? ನೀರು ಸುರಿಯುವ ಮುಂಚೆ ಇಷ್ಟು ನೋಡಿ

ವರ್ಟ್ (ಬಿಯರ್ ಆಗುವ ಮುಂಚಿನ ಸಿಹಿ ಮಾಲ್ಟ್ ರಸ) ಕುದಿಸುವಾಗ ಅಂದುಕೊಂಡದ್ದಕ್ಕಿಂತ ಜಾಸ್ತಿ ನೀರು ಆವಿಯಾಗಿ, 1.054 ತೋರಿಸಬೇಕಾದ ಹೈಡ್ರೋಮೀಟರ್ (ನೀರನ್ನು 1.000 ಅಂತಿಟ್ಟುಕೊಂಡು ವರ್ಟ್ ಎಷ್ಟು ಗಟ್ಟಿ ಅಂತ ಅಳೆಯುವ ಸಾಧನ) 1.068 ತೋರಿಸುವುದು ಬಿಯರ್ ಮಾಡುವ ಎಲ್ಲರಿಗೂ ಒಂದಲ್ಲ ಒಂದು ಸಲ ಆಗುತ್ತದೆ. ಗಾಬರಿ ಬೇಡ. ನೀರು ಹಾಕಬಹುದು. ದೊಡ್ಡ ಬ್ರೂವರಿಗಳು ಬೇಕಂತಲೇ ಸ್ಟ್ರಾಂಗ್ ಆಗಿ ಮಾಡಿ, ಕೊನೆಗೆ ಆಮ್ಲಜನಕ ತೆಗೆದ ನೀರು ಬೆರೆಸುತ್ತವೆ. ಅದೇ ಟ್ಯಾಂಕಿನಲ್ಲಿ ಹೆಚ್ಚು ಬಿಯರ್ ಸಿಗುತ್ತದೆ. ಆದರೆ ಯಾವಾಗ ಹಾಕುತ್ತೀರಿ, ಎಂಥ ನೀರು ಹಾಕುತ್ತೀರಿ ಅನ್ನೋದು ತುಂಬಾ ಮುಖ್ಯ.

ನಾನಿರುವುದು ಅಮೆರಿಕದಲ್ಲಿ. 1978ರಲ್ಲಿ ಆಗಿನ ಅಧ್ಯಕ್ಷ ಜಿಮ್ಮಿ ಕಾರ್ಟರ್ ಸಹಿ ಹಾಕಿದ ಕಾನೂನಿನಿಂದ ಇಲ್ಲಿ ಮನೆ ಬಳಕೆಗೆ ಬಿಯರ್ ಮಾಡಿಕೊಳ್ಳಬಹುದು. ವಯಸ್ಕರು ಒಬ್ಬರೇ ಇದ್ದರೆ ವರ್ಷಕ್ಕೆ 100 ಗ್ಯಾಲನ್, ಇಬ್ಬರು ಅಥವಾ ಹೆಚ್ಚು ಜನ ಇದ್ದರೆ 200. ಮಾರುವ ಹಾಗಿಲ್ಲ. ಕರ್ನಾಟಕದಲ್ಲಿ ಲೈಸೆನ್ಸ್ ಇಲ್ಲದೆ ಇದನ್ನು ಮಾಡುವಂತಿಲ್ಲ, ಊರಲ್ಲಿರುವವರು ದಯವಿಟ್ಟು ಗಮನಿಸಿ.

ಮೊದಲು ಲೆಕ್ಕ. 1.068 ಅಂದರೆ 68 ಪಾಯಿಂಟ್, ದಶಮಾಂಶ ಬಿಂದುವಿನ ಮುಂದಿನ ಅಂಕಿಗಳಷ್ಟೇ. ನನ್ನ ಹತ್ತಿರ ಒಮ್ಮೆ ಅಂಥ ವರ್ಟ್ 16 ಲೀಟರ್ ಇತ್ತು. 16 ಗುಣಿಸು 68, ಅಂದರೆ 1088. ನನಗೆ ಬೇಕಿದ್ದದ್ದು 54. ಭಾಗಿಸಿದರೆ 20 ಲೀಟರ್ ಚಿಲ್ಲರೆ. ಅಲ್ಲಿಗೆ 4 ಲೀಟರ್ ನೀರು ಸಾಕು. ಹುದುಗು ಮುಗಿದ ಮೇಲಾದರೆ ಪಾಯಿಂಟ್ ಬದಲು ಆಲ್ಕೋಹಾಲ್ ಶೇಕಡಾ ಹಿಡಿದು ಇದೇ ರೀತಿ ಮಾಡಿ: ಶೇಕಡಾ 7ರ ಬಿಯರ್ 18 ಲೀಟರ್ ಇದ್ದು ಅದನ್ನು 6ಕ್ಕೆ ಇಳಿಸಬೇಕಾದರೆ 3 ಲೀಟರ್.

ಯೀಸ್ಟ್ ಹಾಕುವ ಮುಂಚೆಯೇ ನೀರು ಸೇರಿಸುವುದು ಎಲ್ಲಕ್ಕಿಂತ ಒಳ್ಳೆಯದು. ಆಗ ನೀರಿನ ಜೊತೆ ಬರುವ ಆಮ್ಲಜನಕ ಯೀಸ್ಟಿಗೇ ಬೇಕು, ಬೆಳೆಯುವುದಕ್ಕೆ. ಸಕ್ಕರೆ ಅಂಶ ಜಾಸ್ತಿಯಾದರೆ ಬಾಳೆಹಣ್ಣಿನ ಥರ ವಾಸನೆ ಬರುತ್ತದೆ, ನೀರು ಹಾಕಿದರೆ ಅದೂ ಕಮ್ಮಿಯಾಗುತ್ತದೆ. ಯೀಸ್ಟ್ ಹಾಕಿ ಒಂದು ದಿನ ದಾಟಿ ಏರ್‌ಲಾಕ್ (ಗಾಳಿ ಒಳಗೆ ಬಿಡದೆ ಗ್ಯಾಸ್ ಮಾತ್ರ ಹೊರಗೆ ಬಿಡುವ ಮುಚ್ಚಳದ ಕೊಳವೆ) ಜೋರಾಗಿ ಗುಳುಗುಳು ಅನ್ನುತ್ತಿದ್ದರೆ ಮುಚ್ಚಳ ತೆಗೆಯಬೇಡಿ. ಪೂರ್ತಿ ಮುಗಿಯಲಿ, ಬಾಟಲಿಗೆ ತುಂಬುವ ದಿನ ನೋಡಿಕೊಳ್ಳೋಣ.

ಎಚ್ಚರ ಬೇಕಾಗುವುದು ಆ ದಿನ. ಮುಗಿದ ಬಿಯರಿಗೆ ಆಮ್ಲಜನಕ ಶತ್ರು. 20 ಡಿಗ್ರಿಯ ನಲ್ಲಿ ನೀರಿನಲ್ಲಿ ಲೀಟರಿಗೆ ಸುಮಾರು 9 ಮಿಲಿಗ್ರಾಂ ಆಮ್ಲಜನಕ ಕರಗಿರುತ್ತದೆ. ನನ್ನ ಮೂರನೇ ಬ್ಯಾಚಿಗೆ ಜಗ್ಗಿನಲ್ಲಿ ನಲ್ಲಿ ನೀರು ಹಿಡಿದು ಮೇಲಿನಿಂದ ಸುರಿದಿದ್ದೆ. ಬಾಟಲಿ ತುಂಬುವಾಗ ರುಚಿ ಚೆನ್ನಾಗಿಯೇ ಇತ್ತು. ಒಂದು ತಿಂಗಳಾದ ಮೇಲೆ ತೆರೆದರೆ ಬಣ್ಣ ಗಾಢವಾಗಿತ್ತು, ಹಾಪ್ಸ್ (ಬಿಯರಿಗೆ ಕಹಿ, ಪರಿಮಳ ಕೊಡುವ ಹೂವು) ವಾಸನೆ ಹೋಗಿ ಮಳೆಗೆ ನೆನೆದ ರಟ್ಟಿನ ಡಬ್ಬದ ವಾಸನೆ ಬರುತ್ತಿತ್ತು. ಇಪ್ಪತ್ತು ಲೀಟರನ್ನೂ ಚೆಲ್ಲಿದೆ.

ಹಾಗಾಗಿ ನೀರನ್ನು 15 ನಿಮಿಷ ಚೆನ್ನಾಗಿ ಕುದಿಸಿ, ಮುಚ್ಚಳ ಹಾಕಿ, ಅಲ್ಲಾಡಿಸದೆ ಬಿಯರ್ ಇರುವಷ್ಟೇ ತಣ್ಣಗಾಗಲು ಬಿಡಿ. ಕುದಿಸಿದರೆ ಆಮ್ಲಜನಕ ಬಹುಪಾಲು ಹೋಗುತ್ತದೆ, ಕ್ರಿಮಿಯೂ ಸಾಯುತ್ತದೆ. ಆದರೆ ಎಷ್ಟೋ ಊರುಗಳ ನಲ್ಲಿ ನೀರಿನಲ್ಲಿರುವ, ಕ್ರಿಮಿ ಕೊಲ್ಲಲು ಹಾಕುವ ಕ್ಲೋರಮೈನ್ ಅಷ್ಟು ಸುಲಭಕ್ಕೆ ಹೋಗುವುದಿಲ್ಲ. ಅದು ಉಳಿದರೆ ಬಿಯರಿಗೆ ಬ್ಯಾಂಡ್‌ಏಡ್ ಪಟ್ಟಿಯ ವಾಸನೆ ಅಂಟುತ್ತದೆ. 20 ಲೀಟರ್ ನೀರಿಗೆ ಕಾಲು ಕ್ಯಾಂಪ್ಡನ್ ಮಾತ್ರೆ (ಕ್ಲೋರಮೈನ್ ತೆಗೆಯುವ ಸಲ್ಫೈಟ್ ಮಾತ್ರೆ) ಪುಡಿಮಾಡಿ ಹಾಕಿದರೆ ಸಾಕು. ನಾನಂತೂ ಆರ್‌ಒ ನೀರನ್ನೇ ಕುದಿಸುತ್ತೇನೆ. ಕ್ಷಾರ ಜಾಸ್ತಿಯಿರುವ ನೀರು ಬಿಯರಿನ ಹುಳಿಯನ್ನು ಮಂಕು ಮಾಡುತ್ತದೆ, ಕುಡಿದರೆ ಸಪ್ಪೆ ಅನ್ನಿಸುತ್ತದೆ.

ಬಿಯರಿನ ಮೇಲೆ ನೀರು ಹೊಯ್ಯಬೇಡಿ, ನೀರಿನ ಮೇಲೆ ಬಿಯರ್ ಬರಲಿ. ಸ್ಯಾನಿಟೈಸ್ ಮಾಡಿದ ಬಕೆಟ್ಟಿಗೆ ಮೊದಲು ನೀರು. ಪ್ರೈಮಿಂಗ್ ಸಕ್ಕರೆಯನ್ನೂ (ಬಾಟಲಿಯಲ್ಲಿ ಗ್ಯಾಸ್ ಬರಲೆಂದು ಹಾಕುವ ಸಕ್ಕರೆ) ಕುದಿಸುವಾಗಲೇ ಆ ನೀರಿನಲ್ಲಿ ಕರಗಿಸಿಬಿಡಿ, ನೀರು ಸೇರಿದ ಮೇಲಿನ ಒಟ್ಟು ಲೀಟರಿಗೆ ಲೆಕ್ಕ ಹಾಕಿ. ಬಿಯರ್ ಎಳೆದು ಇಳಿಸುವ ಸೈಫನ್ ಪೈಪಿನ ತುದಿ ತಳಕ್ಕೆ ಮುಟ್ಟಿರಲಿ. ಬಿಯರ್ ಸುತ್ತುತ್ತಾ ಏರಿ ತಾನಾಗಿಯೇ ಬೆರೆಯುತ್ತದೆ. ಕೊನೆಗೆ ಸೌಟಿನಿಂದ ಒಂದೆರಡು ಸಲ ಮೆಲ್ಲಗೆ ತಿರುಗಿಸಿ, ನೊರೆ ಏಳಬಾರದು.

ಇನ್ನು ಕಹಿ. ಸಾರು ಖಾರ ಆಯ್ತು ಅಂತ ನೀರು ಹಾಕಿದರೆ ಉಪ್ಪು, ಹುಳಿ ಎಲ್ಲವೂ ಇಳಿಯುತ್ತದೆ ಅಲ್ವಾ, ಇಲ್ಲೂ ಅಷ್ಟೇ. 16 ಲೀಟರಿನಲ್ಲಿ 40 ಐಬಿಯು (ಕಹಿಯ ಅಳತೆ) ಇದ್ದದ್ದು 20 ಲೀಟರಿಗೆ ಏರಿಸಿದರೆ 32ಕ್ಕೆ ಬರುತ್ತದೆ. ನೀರು ಹಾಕುವುದು ಮೊದಲೇ ಗೊತ್ತಿದ್ದರೆ ಹಾಪ್ಸ್ ಜಾಸ್ತಿ ಹಾಕಿ ಕುದಿಸಿ.

ಇಷ್ಟೆಲ್ಲ ಆದರೂ, ಇಡೀ ಬ್ಯಾಚಿಗೆ ನೀರು ಮುಟ್ಟಿಸುವ ಮುಂಚೆ ಗ್ಲಾಸಿನಲ್ಲಿ ಪರೀಕ್ಷೆ ಮಾಡದೆ ಇರಬೇಡಿ. ನಾಲ್ಕು ಗ್ಲಾಸಿಗೆ ತಲಾ 100 ಮಿಲಿ ಬಿಯರ್ ಹಾಕಿ. ಒಂದನ್ನು ಹಾಗೇ ಬಿಡಿ, ಉಳಿದವಕ್ಕೆ ಸಿರಿಂಜಿನಿಂದ 10, 15, 20 ಮಿಲಿ ಕುದಿಸಿ ಆರಿಸಿದ ನೀರು ಬಿಡಿ. ತೆಳುವಾದದ್ದರಿಂದ ಶುರು ಮಾಡಿ ಕುಡಿಯಿರಿ. 20ರ ಗ್ಲಾಸಿನಲ್ಲಿ ತಿಳಿ ಬಣ್ಣದ ಪೇಲ್ ಏಲ್ ಬಿಯರ್ ನಾಲಿಗೆ ಮೇಲೆ ನಿಲ್ಲದೆ ನೀರಿನಂತೆ ಜಾರಿಹೋಗುವುದು ನಿಮಗೇ ಗೊತ್ತಾಗುತ್ತದೆ. ಕಪ್ಪು ಬಣ್ಣದ ಸ್ಟೌಟ್ ಬಿಯರ್ ಅಷ್ಟನ್ನು ತಡೆಯುತ್ತದೆ. ನಾನು ಪೇಲ್ ಏಲ್‌ಗೆ 10 ದಾಟುವುದಿಲ್ಲ. ನಾಲ್ಕರಲ್ಲಿ ನೀರಿಲ್ಲದ ಗ್ಲಾಸೇ ಹಿಡಿಸಿದರೆ ಹಾಗೇ ಬಾಟಲಿಗೆ ತುಂಬಿ, ಮುಚ್ಚಳದ ಮೇಲೆ ಆಲ್ಕೋಹಾಲ್ ಎಷ್ಟು ಅಂತ ಬರೆದಿಡಿ.