ನೀರಿನ ಘಟಕದ ಮುಂದೆ ಮೂರು ಬೆಳಗು

ಹಾಸನದ ನಮ್ಮ ಬಡಾವಣೆಯ ಶುದ್ಧ ಕುಡಿಯುವ ನೀರಿನ ಘಟಕದಲ್ಲಿ ಐದು ರೂಪಾಯಿ ನಾಣ್ಯ ಹಾಕಿದರೆ 20 ಲೀಟರ್ ನೀರು ಬರುತ್ತದೆ. ಪಕ್ಕದ ಬಡಾವಣೆಗೂ ಅಂಥದ್ದೇ ಘಟಕ ಹಾಕಿಸುವ ಮಾತು ಬಂದಾಗ, ಇದನ್ನು ಬಳಸುವವರು ಎಲ್ಲೆಲ್ಲಿ ಎಡವುತ್ತಾರೆಂದು ನೋಡಿ ಹೇಳುವ ಕೆಲಸವನ್ನು ನಾನು ಒಪ್ಪಿಕೊಂಡೆ. ಕಂಡ ಮೇಲೆ ಬರೆದದ್ದು ಊಹೆಯಾಗುವುದಿಲ್ಲವಾದ್ದರಿಂದ, ಆಗಬಹುದಾದ ತಪ್ಪುಗಳನ್ನು ಮೊದಲೇ ಮನೆಯಲ್ಲಿ ಕುಳಿತು ಬರೆದಿಟ್ಟುಕೊಂಡೆ.

ಇದಕ್ಕೆ ಬಳಸಿದ್ದು ಶೆರ್ಪಾ ಎಂಬ ವಿಧಾನ. ಕೆಲಸವನ್ನು ಸಣ್ಣ ಹಂತಗಳಾಗಿ ಬಿಡಿಸಿಕೊಂಡು, ಒಂದೊಂದು ಹಂತವನ್ನೂ ಮರೆತರೆ, ಹೊತ್ತಲ್ಲದ ಹೊತ್ತಿನಲ್ಲಿ ಮಾಡಿದರೆ, ಅರ್ಧಕ್ಕೆ ಬಿಟ್ಟರೆ ಏನಾಗುತ್ತದೆಂದು ಕೇಳಿಕೊಳ್ಳುತ್ತ ಹೋಗಬೇಕು. ಬೇಬರ್ ಮತ್ತು ಸ್ಟಾಂಟನ್ ಎಂಬ ಸಂಶೋಧಕರು ಲಂಡನ್ ಸುರಂಗ ರೈಲಿನ ಟಿಕೆಟ್ ಯಂತ್ರವನ್ನು ಹೀಗೆ ಪರಿಶೀಲಿಸಿ, ಊಹೆಯನ್ನು ಜನರ ನಿಜವಾದ ಬಳಕೆಯೊಂದಿಗೆ ಹೋಲಿಸಿದ್ದನ್ನು 1996ರಲ್ಲಿ ಪ್ರಕಟಿಸಿದ್ದರು.

ಕ್ಯಾನಿನ ಮುಚ್ಚಳವನ್ನು ಜನ ಮರೆತು ಹೋಗುತ್ತಾರೆಂಬ ನನ್ನ ಊಹೆ ಸರಿಯಾಯಿತು. ಕ್ಯಾನು ತುಂಬಿತೆಂದರೆ ಬಂದ ಕೆಲಸ ಮುಗಿಯಿತೆಂದು ಮನಸ್ಸು ಮುಂದಕ್ಕೆ ಹೋಗಿಬಿಡುತ್ತದೆ; ಹಲವು ಎಟಿಎಂಗಳು ಮೊದಲು ಕಾರ್ಡನ್ನು ಹಿಂತಿರುಗಿಸಿ ಆಮೇಲೆ ಹಣ ಕೊಡುವುದು ಈ ಮರೆವನ್ನು ತಪ್ಪಿಸಲೆಂದೇ. ಘಟಕದ ಕಿಟಕಿಯ ಅಂಚಿನಲ್ಲಿ ಯಾರೋ ನೀಲಿ ಮುಚ್ಚಳಗಳನ್ನು ಸಾಲಾಗಿ ಎತ್ತಿಟ್ಟಿದ್ದರು.

ನಾಣ್ಯದ ಹಂತ ನನ್ನನ್ನು ಬಹಳ ಹೊತ್ತು ಹಿಡಿದು ನಿಲ್ಲಿಸಿತು. ಹಳೆಯ ಐದು ರೂಪಾಯಿ 9 ಗ್ರಾಂ ತೂಕದ, 23 ಮಿ.ಮೀ. ಅಗಲದ ದಪ್ಪ ನಾಣ್ಯ; 2019ರ ಸರಣಿಯದು 25 ಮಿ.ಮೀ. ಅಗಲವಿದ್ದರೂ ಹಗುರ. ಒಬ್ಬ ಅಜ್ಜಿ ದಪ್ಪ ನಾಣ್ಯವನ್ನು ಹಾಕಿದರು, ಅದು ಕೆಳಗಿನ ಬಟ್ಟಲಿಗೆ ಬಿತ್ತು. ಸೆರಗಿನಲ್ಲಿ ಒರೆಸಿ ಮತ್ತೆ ಹಾಕಿದರು, ಮತ್ತೆ ಬಿತ್ತು. ನಾಣ್ಯಕ್ಕೆ ಕೊಳೆಯಾಗಿದೆ ಎಂದೇ ಅವರು ತಿಳಿದಿದ್ದರು, ಏಕೆಂದರೆ ಈ ನಾಣ್ಯ ನಡೆಯುವುದಿಲ್ಲವೆಂದು ಯಂತ್ರ ಎಲ್ಲಿಯೂ ಹೇಳುವುದಿಲ್ಲ. ಇದನ್ನು ಬಳಸುವವರ ತಪ್ಪೆಂದು ಬರೆಯಲು ನನ್ನ ಕೈ ಬರಲಿಲ್ಲ.

ನಾನು ಊಹಿಸದೇ ಹೋದದ್ದು ಬಿಂದಿಗೆಯನ್ನು. ನಮ್ಮ ಮನೆಗೆ ಕ್ಯಾನಿನಲ್ಲೇ ನೀರು ತರುವುದರಿಂದ ನನ್ನ ಹಂತಗಳಲ್ಲಿ ಕ್ಯಾನು ಮಾತ್ರ ಇತ್ತು. ಎರಡು ಬಿಂದಿಗೆ ತಂದವರಿಗಾದರೋ, ಮೊದಲನೆಯದು ತುಂಬಿದಾಗ ನೀರನ್ನು ನಿಲ್ಲಿಸುವ ದಾರಿಯೇ ಇರಲಿಲ್ಲ. ಸುರಿಯುವ ಧಾರೆಯ ಕೆಳಗೇ ಒಂದನ್ನು ಎಳೆದು ಇನ್ನೊಂದನ್ನು ತಳ್ಳುವಷ್ಟರಲ್ಲಿ ಸೀರೆಯ ನೆರಿಗೆ ನೆನೆದು, ನೆಲವೆಲ್ಲ ಜಾರುತ್ತಿತ್ತು.

ಮೂರನೆಯ ದಿನ ಹಂತಗಳನ್ನು ಮೊದಲಿನಿಂದ ಬರೆದೆ, ಈ ಸಲ ಪಾತ್ರೆಯಿಂದಲೇ ಆರಂಭಿಸಿ. ನಾಣ್ಯ ಬಿದ್ದ ಕೂಡಲೇ ನೀರು ಸುರಿಯದೆ, ಪಾತ್ರೆ ಇಟ್ಟು ಗುಂಡಿ ಒತ್ತಿದ ಮೇಲೆ ಬರಲಿ, ಅದೇ ಗುಂಡಿಯನ್ನು ಒತ್ತಿದರೆ ನಡುವೆ ನಿಲ್ಲಲಿ, ನಡೆಯುವ ನಾಣ್ಯಗಳ ಚಿತ್ರ ಕಿಂಡಿಯ ಪಕ್ಕದಲ್ಲೇ ಇರಲಿ ಎಂದು ವರದಿಯಲ್ಲಿ ಕೇಳಿಕೊಂಡಿದ್ದೇನೆ.