ಕಸದ ಮಾತಿಗೆ ಬಾಗಿಲು ತಟ್ಟುವ ಮುನ್ನ

ನಾನು ಕಾಲೇಜಿನ ಎನ್‌ಎಸ್‌ಎಸ್ (ರಾಷ್ಟ್ರೀಯ ಸೇವಾ ಯೋಜನೆ) ಘಟಕ ನೋಡಿಕೊಳ್ಳುತ್ತಿದ್ದ ಮೊದಲ ವರ್ಷ ನೂರಕ್ಕೂ ಹೆಚ್ಚು ಹುಡುಗ ಹುಡುಗಿಯರನ್ನು ಸಾಲಾಗಿ ನಿಲ್ಲಿಸಿ, ಪೇಟೆ ಬೀದಿಯಲ್ಲಿ ಪ್ಲಾಸ್ಟಿಕ್ ವಿರೋಧಿ ಜಾಥಾ ನಡೆಸಿದೆವು. ಮುಂದೆ ಇಬ್ಬರು ಹಿಡಿದ ಫ್ಲೆಕ್ಸ್, ಹಿಂದೆ ಘೋಷಣೆ, ಕೊನೆಗೆ ಬಸ್ ನಿಲ್ದಾಣದ ಬಳಿ ಎಲ್ಲರಿಗೂ ಒಂದು ಬನ್ನು, ಒಂದು ಬಾಟಲಿ ನೀರು. ಮರುದಿನ ಬೆಳಿಗ್ಗೆ ಅದೇ ಬೀದಿ ಗುಡಿಸುತ್ತಿದ್ದ ಪೌರಕಾರ್ಮಿಕ ಮಹಿಳೆ ನನ್ನನ್ನು ತಡೆದು, "ಸರ್, ನಿನ್ನೆ ನಿಮ್ಮದೇ ಎರಡು ಚೀಲ ಆಯಿತು" ಎಂದರು. ಸಿಟ್ಟಿನಿಂದ ಹೇಳಲಿಲ್ಲ, ಲೆಕ್ಕ ಒಪ್ಪಿಸುವವರಂತೆ ಹೇಳಿದರು.

ಆಮೇಲೆ ಬೇರೆ ಬೇರೆ ಕಾಲೇಜುಗಳ ಇಂಥ ಕಾರ್ಯಕ್ರಮಗಳನ್ನು ನೋಡಿದ್ದೇನೆ. ಎಡವುವ ಜಾಗ ಹೆಚ್ಚು ಕಡಿಮೆ ಒಂದೇ. ಆದ್ದರಿಂದ ಕೊಡಗಿನ ಯಾವುದಾದರೂ ಊರಿನಲ್ಲಿ ಕಸ, ನೀರು, ಪರಿಸರದ ಬಗ್ಗೆ ಜನರ ಜೊತೆ ಕೆಲಸ ಮಾಡಬೇಕೆಂದಿರುವ ವಿದ್ಯಾರ್ಥಿಗಳಿಗೆ ನನಗೆ ತಿಳಿದ ದಾರಿಯನ್ನು ಬರೆಯುತ್ತಿದ್ದೇನೆ.

ಮೊದಲ ಹೆಜ್ಜೆ: ಊರನ್ನು ಚಿಕ್ಕದು ಮಾಡಿಕೊಳ್ಳಿ

ಹತ್ತು ವಿದ್ಯಾರ್ಥಿಗಳು, ನಲವತ್ತು ಮನೆ, ಎಂಟು ವಾರ. ಇದಕ್ಕಿಂತ ದೊಡ್ಡದು ಬೇಡ. ಎನ್‌ಎಸ್‌ಎಸ್‌ನಲ್ಲಿ ವರ್ಷಕ್ಕೆ 120 ಗಂಟೆಗಳ ಸೇವೆ ಇರುತ್ತದೆ. ಅದನ್ನು ವಾರಕ್ಕಿಷ್ಟು ಎಂದು ಹರಡಿದರೆ ಲೆಕ್ಕ ಸರಿಹೋಗುತ್ತದೆ. ಎಲ್ಲವನ್ನೂ ಏಳು ದಿನಗಳ ವಾರ್ಷಿಕ ಶಿಬಿರಕ್ಕೆ ತುರುಕಿದರೆ ಎಂಟನೆಯ ದಿನ ಊರು ಮೊದಲಿನಂತೆಯೇ ಇರುತ್ತದೆ.

ಎರಡನೆಯ ಹೆಜ್ಜೆ: ಕಸದ ಗಾಡಿಯ ಹಿಂದೆ ಹೋಗಿ

ಮನೆಗಳಿಗೆ ಹೋಗುವ ಮೊದಲು ಒಂದು ದಿನ ಪಂಚಾಯಿತಿಯ ಸ್ವಚ್ಛ ವಾಹಿನಿಯ ಹಿಂದೆ ಬೈಕಿನಲ್ಲಿ ಹೋಗಿ. ಅನೇಕ ಕಡೆ ಅದನ್ನು ಓಡಿಸುವವರು ಸ್ತ್ರೀಶಕ್ತಿ ಸಂಘ, ಸ್ವಸಹಾಯ ಸಂಘಗಳ ಮಹಿಳೆಯರೇ. ಯಾವ ಮನೆಯವರು ಕಸ ಕೊಡುತ್ತಾರೆ, ಯಾರು ಕೊಡುವುದಿಲ್ಲ, ಯಾವ ತಿರುವಿನಲ್ಲಿ ರಾತ್ರಿ ಚೀಲ ಬಿದ್ದಿರುತ್ತದೆ ಎಂಬುದು ಅವರಿಗೆ ಬಾಯಿಪಾಠ. ಗಾಡಿ ವಾರಕ್ಕೆ ಎಷ್ಟು ಸಲ ಬರುತ್ತದೆ, ಹಸಿ ಒಣ ಎಂದು ಎರಡು ಭಾಗ ಇದೆಯೇ, ಕೊನೆಗೆ ಘನತ್ಯಾಜ್ಯ ಘಟಕದಲ್ಲಿ ಎಲ್ಲವೂ ಒಂದೇ ರಾಶಿಗೆ ಬೀಳುತ್ತದೆಯೇ ಎಂಬುದನ್ನು ಕಣ್ಣಾರೆ ನೋಡಿ.

ಒಂದೇ ರಾಶಿಗೆ ಬೀಳುತ್ತದೆ ಎಂದಾದರೆ ಅಲ್ಲೇ ನಿಲ್ಲಿಸಿ. ಮೊದಲು ಪಂಚಾಯಿತಿ ಅಭಿವೃದ್ಧಿ ಅಧಿಕಾರಿ (ಪಿಡಿಒ) ಅವರ ಬಳಿ ಹೋಗಿ, ಅದನ್ನು ಸರಿಪಡಿಸಿಕೊಂಡು ಬನ್ನಿ. ಹೆಂಗಸರು ಮನೆಯಲ್ಲಿ ಕಷ್ಟಪಟ್ಟು ಬೇರೆ ಬೇರೆ ಮಾಡಿ ಕೊಟ್ಟದ್ದನ್ನು ಗೇಟಿನ ಮುಂದೆಯೇ ಒಟ್ಟಿಗೆ ಸುರಿದದ್ದನ್ನು ಅವರು ಒಮ್ಮೆ ನೋಡಿದರೆ ಮುಗಿಯಿತು. ಅದರ ನಂತರ ನೀವು ಬಾಗಿಲು ತಟ್ಟಿದರೆ ನಾಯಿ ಮಾತ್ರ ಬರುತ್ತದೆ.

ಮೂರನೆಯದು: ಕಾಲ ನೋಡಿ

ಜೂನ್‌ನಿಂದ ಆಗಸ್ಟ್‌ವರೆಗೆ ಬೇಡ. ಮಳೆ, ಜಿಗಣೆ, ಬಿದ್ದ ಮರ, ಕಡಿದ ಕರೆಂಟು, ಇವುಗಳ ನಡುವೆ ನಿಮ್ಮ ಕರಪತ್ರ ಯಾರಿಗೂ ಬೇಡ. ಡಿಸೆಂಬರ್‌ನಿಂದ ಫೆಬ್ರುವರಿವರೆಗೂ ಬೇಡ. ಕಾಫಿ ಕುಯ್ಲಿನ ಹೊತ್ತಿನಲ್ಲಿ ಬೆಳೆಗಾರನ ಕಣ್ಣೆಲ್ಲ ಕಣದ ಮೇಲೆ, ಇಲ್ಲವೇ ಮೋಡದ ಮೇಲೆ. ಸೆಪ್ಟೆಂಬರ್‌ನ ಆಯುಧ ಪೂಜೆಯ ಹಬ್ಬ ಕೈಲ್‌ಪೊಳ್ದ್ ಕಳೆದು, ಸುಗ್ಗಿ ಹಬ್ಬ ಪುತ್ತರಿ ಬರುವವರೆಗಿನ ಅವಧಿ ನನಗೆ ಇಷ್ಟ. ನಡುವೆ ಅಕ್ಟೋಬರ್‌ನಲ್ಲಿ ತುಲಾ ಸಂಕ್ರಮಣ ಬರುತ್ತದೆ. ತಲಕಾವೇರಿಯಿಂದ ತೀರ್ಥ ತಂದ ಬಾಟಲಿ ದೇವರ ಕೋಣೆಯಲ್ಲಿ ಕುಳಿತಿರುವ ಆ ದಿನಗಳಲ್ಲಿ ಹೊಳೆಯ ಮಾತು ಜನರ ಕಿವಿಗೆ ಬೇಗ ಬೀಳುತ್ತದೆ.

ನಾಲ್ಕನೆಯದು: ಬೆಂಗಳೂರಿನ ಪೋಸ್ಟರ್ ಬಿಸಾಡಿ

ಅಂತರ್ಜಾಲದಿಂದ ಇಳಿಸಿಕೊಂಡ ಕರಪತ್ರದಲ್ಲಿ ಅಡುಗೆಮನೆ ತ್ಯಾಜ್ಯದಿಂದ ಬಾಲ್ಕನಿಯಲ್ಲಿ ಗೊಬ್ಬರ ಮಾಡುವ ವಿಧಾನ ಇರುತ್ತದೆ. ಅದನ್ನು ಹಿಡಿದು ಐದು ಎಕರೆ ತೋಟವಿರುವವರ ಮನೆಗೆ ಹೋಗುವ ವಿದ್ಯಾರ್ಥಿಗಳನ್ನು ಕಂಡಾಗ ನನಗೆ ನಗು ತಡೆಯಲಾಗುವುದಿಲ್ಲ. ಅಲ್ಲಿ ಹಸಿ ಕಸ ಎಂಬುದೇ ಇಲ್ಲ. ತೊಳೆದ ಅಕ್ಕಿ ನೀರು ಹಸುವಿಗೆ, ಉಳಿದ ಅನ್ನ ಹಂದಿಗೆ ಅಥವಾ ಕೋಳಿಗೆ, ತರಕಾರಿ ಸಿಪ್ಪೆ ಕಾಫಿ ಗಿಡದ ಬುಡಕ್ಕೆ. ಈ ವಿಷಯದಲ್ಲಿ ಆ ಮನೆಯ ಅಜ್ಜಿ ನಿಮಗೆ ಪಾಠ ಹೇಳಬಲ್ಲರು.

ಅವರ ಮನೆಯ ತೊಂದರೆ ಬೇರೆ. ಹಾಲಿನ ಕವರ್, ಚಿಪ್ಸ್ ಪೊಟ್ಟಣ, ಶಾಂಪೂ ಸ್ಯಾಶೆ ಬಚ್ಚಲಿನ ಒಲೆಗೆ ಹೋಗುತ್ತವೆ. ಮಗುವಿನ ಡೈಪರ್ ತೋಡಿಗೆ ಹೋಗುತ್ತದೆ, ತೋಡು ಹೊಳೆಗೆ ಹೋಗುತ್ತದೆ. ಕೀಟನಾಶಕದ ಖಾಲಿ ಡಬ್ಬಿ ಪಂಪ್‌ಹೌಸ್‌ನ ಮೂಲೆಯಲ್ಲಿ ಕೂರುತ್ತದೆ. ಹೋಂಸ್ಟೇ ಇದ್ದರೆ ಸೋಮವಾರ ಬೆಳಿಗ್ಗೆ ಎರಡು ಗೋಣಿ ಬಾಟಲಿ. ನಿಮ್ಮ ಮಾತು ಇವುಗಳ ಮೇಲಿರಲಿ. ಪೇಟೆಯೊಳಗಿನ, ಜಾಗವಿಲ್ಲದ ಮನೆಗಳಿಗೆ ಮಾತ್ರ ಗೊಬ್ಬರದ ಡ್ರಮ್ಮಿನ ಮಾತು ಹೊಂದುತ್ತದೆ. ಅವರಿಗೂ ಒಂದೇ ಗುಟ್ಟು: ಬೇಸಿಗೆಯಲ್ಲೇ ಒಣ ಎಲೆ, ಕಾಫಿ ಹೊಟ್ಟು, ಮರದ ಪುಡಿ ಚೀಲಗಳಲ್ಲಿ ತುಂಬಿಡಬೇಕು. ಜುಲೈ ತಿಂಗಳಲ್ಲಿ ಒಣ ಎಲೆ ಹುಡುಕಲು ಹೊರಟರೆ ಡ್ರಮ್ಮು ನಾರುತ್ತದೆ. ಬಾಟಲಿಯಲ್ಲಿ ಮಾರುವ ಗೊಬ್ಬರ ಮಾಡುವ ದ್ರಾವಣಗಳಿಗೆ ಹಣ ಹಾಕಬೇಡಿ. ಒಂದು ಬುಟ್ಟಿ ಹಳೆಯ ಸಗಣಿ ಗೊಬ್ಬರ ಅದೇ ಕೆಲಸ ಮಾಡುತ್ತದೆ.

ಐದನೆಯದು: ಬಾಗಿಲಲ್ಲಿ ನಿಂತು ಮಾತನಾಡುವುದು

ಕಾರ್ಯಕ್ರಮಗಳು ಸಾಯುವುದು ಇಲ್ಲಿಯೇ, ಹಾಗಾಗಿ ನಿಧಾನವಾಗಿ ಓದಿ.

ಇಬ್ಬಿಬ್ಬರಾಗಿ ಹೋಗಿ, ಪ್ರತಿ ಜೋಡಿಗೆ ಎಂಟು ಮನೆ, ಎಂಟು ವಾರವೂ ಅದೇ ಜೋಡಿ ಅದೇ ಮನೆಗಳಿಗೆ. ಜೋಡಿ ಮಾಡುವಾಗ ಸ್ನೇಹ ನೋಡಬೇಡಿ, ಭಾಷೆ ನೋಡಿ. ನಮ್ಮಲ್ಲಿ ಒಂದು ರಸ್ತೆಯಲ್ಲಿಯೇ ಕೊಡವ ತಕ್ಕ್, ಅರೆಭಾಷೆ, ಮಲಯಾಳ, ತುಳು, ತಮಿಳು ಕೇಳಿಸುತ್ತವೆ. ಮನೆಮಾತಿನಲ್ಲಿ ಶುರುವಾದ ಮಾತು ಒಳಗಿನ ಜಗಲಿವರೆಗೆ ಹೋಗುತ್ತದೆ, ಕಾಲೇಜಿನ ಕನ್ನಡದಲ್ಲಿ ಶುರುವಾದದ್ದು ಗೇಟಿನಲ್ಲಿಯೇ ನಿಲ್ಲುತ್ತದೆ. ಗೇಟಿನ ಹೊರಗೇ ನಿಂತು ಕೂಗಿ. ನಾಯಿ ಕಟ್ಟಿದ್ದಾರೆಂದು ಯಾರಾದರೂ ಬಂದು ಹೇಳುವವರೆಗೆ ಕೊಂಡಿಗೆ ಕೈ ಹಾಕಬೇಡಿ. ಸಂಜೆ ಐದರ ಮೇಲೆ ತೋಟದ ರಸ್ತೆಗಳಲ್ಲಿ ತಿರುಗಬೇಡಿ. ಸಿದ್ದಾಪುರ, ಪೊನ್ನಂಪೇಟೆ ಕಡೆ ಆನೆ ಎಲ್ಲಿರುತ್ತದೆಂದು ಹೇಳಲಾಗದು. ಅಂದು ಬೆಳಿಗ್ಗೆ ಊರಿನವರನ್ನು ಕೇಳಿಕೊಂಡೇ ಹೊರಡಿ.

ಮೊದಲ ಭೇಟಿಯಲ್ಲಿ ಕಸದ ಬಗ್ಗೆ ಏನೂ ಹೇಳಬೇಡಿ. ಕೇಳಲು ಮಾತ್ರ ಬಂದಿದ್ದೀರಿ. ವಯಸ್ಸಾದ ಬೆಳೆಗಾರರ ಮನೆಯಾದರೆ ಮಳೆ ಲೆಕ್ಕದ ಪುಸ್ತಕ ಇದೆಯೇ ಎಂದು ಕೇಳಿ. ಅನೇಕ ಮನೆಗಳಲ್ಲಿ ಇರುತ್ತದೆ. ದಿನದಿನದ ಮಳೆಯನ್ನು ಇಂಚು, ಸೆಂಟ್‌ಗಳಲ್ಲಿ ಬರೆದಿಟ್ಟಿರುತ್ತಾರೆ. ನೂರು ಸೆಂಟ್ ಒಂದು ಇಂಚು, ಅಂದರೆ 25.4 ಮಿಲಿಮೀಟರ್. ಆ ಪುಸ್ತಕ ಹೊರಗೆ ಬಂತೆಂದರೆ ಕಾಫಿ ಹೂ ಅರಳಿಸುವ ಹೂಮಳೆ ಯಾವ ವರ್ಷ ತಡವಾಯಿತು, ಯಾವ ವರ್ಷ ಕುಯ್ಲಿನಲ್ಲೇ ಸುರಿಯಿತು ಎಂದು ಒಂದು ಗಂಟೆ ಅವರೇ ಮಾತನಾಡುತ್ತಾರೆ. ಹವಾಮಾನ ಬದಲಾವಣೆಯ ಬಗ್ಗೆ ನೀವು ಸಿದ್ಧಮಾಡಿಕೊಂಡು ಬಂದ ಭಾಷಣಕ್ಕಿಂತ ಅದು ಮೇಲು. ಬರೆದುಕೊಳ್ಳಿ. ಕೊಟ್ಟ ಕಾಫಿ ಕುಡಿಯಿರಿ, ಬೇಡ ಎನ್ನಬೇಡಿ.

ಒಂದು ಎಚ್ಚರಿಕೆ. 2018ರ ಆಗಸ್ಟ್‌ನಲ್ಲಿ ಮಕ್ಕಂದೂರು ಕಡೆ ಗುಡ್ಡ ಕುಸಿದಾಗ ಮನೆ ತೋಟ ಕಳೆದುಕೊಂಡವರ ಬಂಧುಗಳು ಎಲ್ಲ ಊರಿನಲ್ಲೂ ಇದ್ದಾರೆ. ಅಂಥವರ ಮುಂದೆ ನಿಂತು ಗುಡ್ಡ ಏಕೆ ಕುಸಿಯಿತೆಂದು ವಿವರಿಸಲು ಹೋಗಬೇಡಿ. ಅವರು ಹೇಳಿದರೆ ಕೇಳಿ, ಅಷ್ಟೇ.

ಎರಡನೆಯ ಭೇಟಿಯಲ್ಲಿ ಒಂದೇ ಒಂದು ಪ್ರಶ್ನೆ, ಅದೂ ವಸ್ತುವನ್ನು ತೋರಿಸಿ. "ಅಕ್ಕಾ, ಈ ಹಾಲಿನ ಕವರ್ ಕೊನೆಗೆ ಎಲ್ಲಿಗೆ ಹೋಗುತ್ತದೆ?" ಎಂದು ಕೇಳಿ. "ನೀವು ಪ್ಲಾಸ್ಟಿಕ್ ಸುಡುತ್ತೀರಾ?" ಎಂದು ಕೇಳಿದರೆ ಎಲ್ಲರೂ ಇಲ್ಲ ಎನ್ನುತ್ತಾರೆ. ಕವರ್ ಎಲ್ಲಿಗೆ ಹೋಗುತ್ತದೆಂದು ಕೇಳಿದರೆ, "ಬಚ್ಚಲ ಒಲೆಗೆ, ಸೌದೆ ಒದ್ದೆಯಾಗಿದ್ದರೆ ಬೆಂಕಿ ಬೇಗ ಹತ್ತುತ್ತದೆ" ಎಂದು ನಿಜ ಹೇಳುತ್ತಾರೆ. ಆಗ ಮುಖ ಸಿಂಡರಿಸಬೇಡಿ. ಮಳೆಗಾಲದಲ್ಲಿ ಹಸಿ ಸೌದೆ ಹೊತ್ತಿಸಿ ಇಡೀ ಮನೆಗೆ ಬಿಸಿನೀರು ಕಾಯಿಸುವ ಕಷ್ಟ ನಿಮ್ಮದಲ್ಲ, ಅವರದು.

ಉತ್ತರವನ್ನೂ ಅದೇ ಒಲೆಯಿಂದ ಎತ್ತಿಕೊಳ್ಳಿ. ಮಳೆಗಾಲದಲ್ಲಿ ಮಕ್ಕಳ ಬಟ್ಟೆ ಒಣಗುವುದು ಬೆಂಕಿಯ ಮೇಲೆ ಅಥವಾ ಪಕ್ಕದಲ್ಲಿ. ಪ್ಲಾಸ್ಟಿಕ್ ಉರಿದ ಹೊಗೆ ಆ ಬಟ್ಟೆಗೆ ಹತ್ತುತ್ತದೆ, ಒಲೆ ಊದುವವರ ಎದೆಗೂ ಇಳಿಯುತ್ತದೆ. ಒಲೆಯ ಬೆಂಕಿಗೆ ಪ್ಲಾಸ್ಟಿಕ್ ಪೂರ್ತಿ ಉರಿಯುವಷ್ಟು ಕಾವಿಲ್ಲ, ಆದ್ದರಿಂದಲೇ ಹೊಗೆ ಅಷ್ಟು ಕೆಟ್ಟದ್ದು. ಇಷ್ಟು ಹೇಳಿದರೆ ಸಾಕು. ಸಮುದ್ರದ ಆಮೆಯ ಚಿತ್ರ ತೋರಿಸುವ ಅಗತ್ಯ ಬೀಳುವುದಿಲ್ಲ.

ಮೂರನೆಯ ಭೇಟಿಗೆ ಕೈಯಲ್ಲಿ ಪರಿಹಾರ ಇರಲಿ: ಒಂದು ಗೋಣಿಚೀಲ, ಒಂದು ಗಜ ಹಗ್ಗ, ಹತ್ತು ಬಟ್ಟೆ ಕ್ಲಿಪ್. ಹಾಲಿನ ಕವರಿನ ಮೂಲೆಯನ್ನು ಪೂರ್ತಿ ಕತ್ತರಿಸದೆ ಅಂಟಿಕೊಂಡಿರುವಂತೆ ಸೀಳುವುದನ್ನು ತೋರಿಸಿ. ಬೇರ್ಪಟ್ಟ ಚೂರು ಯಾರ ಕೈಗೂ ಸಿಗುವುದಿಲ್ಲ. ತೊಳೆದು, ಸೌದೆ ಕೊಟ್ಟಿಗೆಯ ಮಾಡಿನ ಕೆಳಗೆ ಹಗ್ಗಕ್ಕೆ ಸಿಕ್ಕಿಸಬೇಕು. ನಮ್ಮ ಹವೆಯಲ್ಲಿ ಒಣಗಲು ಎರಡು ಮೂರು ದಿನ ಹಿಡಿಯುತ್ತದೆ. ಒದ್ದೆ ಕವರ್ ಚೀಲದೊಳಗೆ ಹೋದರೆ ಬೂಸ್ಟು ಹಿಡಿದು ವಾಸನೆ ಬರುತ್ತದೆ, ಮರುದಿನವೇ ಚೀಲ ಒಲೆಯ ಪಾಲು. ನಾನು ಕಂಡ ಸೋಲುಗಳಲ್ಲಿ ಅರ್ಧಕ್ಕರ್ಧ ಈ ಒಣಗಿಸುವ ಹಂತದಲ್ಲಿ ಆದವು. ಹಾಗಾಗಿ ನೀವೇ ಹಗ್ಗ ಕಟ್ಟಿ ಕೊಟ್ಟು ಬನ್ನಿ. ಒಲೆಯಿಂದ ದೂರ ಕಟ್ಟಿ.

ಇಷ್ಟಾದ ಮೇಲೂ ಎಂಟರಲ್ಲಿ ಎರಡು ಮನೆಯವರು ಒಪ್ಪುವುದಿಲ್ಲ. ಬಿಟ್ಟುಬಿಡಿ, ಆದರೆ ನಗುತ್ತಾ ಹೋಗಿಬರುವುದನ್ನು ಬಿಡಬೇಡಿ. ಆರನೆಯ ವಾರ ಪಕ್ಕದ ಮನೆಯ ಹಗ್ಗ ನೋಡಿ ಅವರೇ ಕೇಳಿಯಾರು.

ಡೈಪರ್‌ಗೆ ಮಾತ್ರ ಸುಲಭ ಉಪಾಯ ನನ್ನ ಬಳಿ ಇಲ್ಲ. ಕಾಗದದಲ್ಲಿ ಸುತ್ತಿ, ಬೇರೆ ಚೀಲದಲ್ಲಿ, ಗುರುತು ಹಾಕಿ ಗಾಡಿಗೆ ಕೊಡುವಂತೆ ಹೇಳಿ. ಹಗಲಿನಲ್ಲಾದರೂ ಹಳೆಯ ಕಾಲದ ಬಟ್ಟೆ ಕಟ್ಟಿ ಎಂದು ಹೇಳುವ ಧೈರ್ಯ ಹುಡುಗರಿಗೆ ಬೇಡ. ಆ ಮಾತು ಆ ಮನೆಯ ಅಜ್ಜಿಯ ಬಾಯಿಂದ ಬರುವಂತೆ ನೋಡಿಕೊಳ್ಳಿ.

ಆರನೆಯದು: ಲೈನ್ ಮನೆಗಳನ್ನು ಬಿಡಬೇಡಿ

ತೋಟದ ಲೈನ್ ಮನೆಗಳಿಗೆ, ಅಂದರೆ ಕಾರ್ಮಿಕರ ಸಾಲುಮನೆಗಳಿಗೆ, ನೇರವಾಗಿ ಹೋಗಬೇಡಿ, ಮೊದಲು ತೋಟದ ಲೆಕ್ಕ ಬರೆಯುವ ರೈಟರ್ ಅಥವಾ ಮೇಸ್ತ್ರಿಯನ್ನು ಕಂಡು ಮಾತನಾಡಿ. ಅಸ್ಸಾಂ ಕಡೆಯಿಂದ ಬಂದ ಕುಟುಂಬಗಳಿದ್ದರೆ ಹಿಂದಿ ಬಲ್ಲ ಒಬ್ಬರು ಜೊತೆಗಿರಲಿ. ಅಲ್ಲಿಗೆ ಗಾಡಿಯೇ ಬರುವುದಿಲ್ಲ ಎಂಬುದು ಹೆಚ್ಚಿನ ಕಡೆ ತಿಳಿದುಬರುವ ಸಂಗತಿ. ಆಗ ಬೋಧನೆ ಮಾಡಬೇಕಾದದ್ದು ಲೈನಿನಲ್ಲಿರುವವರಿಗೆ ಅಲ್ಲ, ತೋಟದ ಮಾಲೀಕರಿಗೆ. ರಸ್ತೆ ಬದಿಗೆ ಚೀಲ ತಂದಿಡಲು ಒಂದು ಜಾಗ, ವಾರಕ್ಕೊಮ್ಮೆ ಜೀಪಿನಲ್ಲಿ ಸಾಗಿಸುವ ಏರ್ಪಾಡು, ಇಷ್ಟನ್ನು ಕೇಳಿ.

ಕೀಟನಾಶಕದ ಡಬ್ಬಿಗಳನ್ನು ವಿದ್ಯಾರ್ಥಿಗಳು ಮುಟ್ಟಲೇಬಾರದು. ಖಾಲಿಯಾದ ಡಬ್ಬಿಯನ್ನು ಮೂರು ಸಲ ತೊಳೆದು, ಆ ನೀರನ್ನು ಸಿಂಪಡಿಸುವ ಟ್ಯಾಂಕಿಗೇ ಸುರಿಯಬೇಕು, ತೋಡಿನಲ್ಲಿ ತೊಳೆಯಬಾರದು, ಮತ್ತೆ ಯಾರೂ ನೀರು ತುಂಬದಂತೆ ತೂತು ಮಾಡಬೇಕು ಎಂದು ಮಾಲೀಕರಿಗೆ ಹೇಳಿದರೆ ನಿಮ್ಮ ಕೆಲಸ ಮುಗಿಯಿತು.

ಏಳನೆಯದು: ತೂಗಿ

ಮೊದಲ ವಾರ ಒಮ್ಮೆ, ಎಂಟನೆಯ ವಾರ ಒಮ್ಮೆ ಆ ನಲವತ್ತು ಮನೆಗಳ ಒಣ ಕಸ ತೂಗಿ. ತಕ್ಕಡಿ ಕೊಳ್ಳಬೇಡಿ. ಸಂಜೆ ಕಾಫಿ ಹಣ್ಣು ತೂಗುವ ತಕ್ಕಡಿಯನ್ನು ಯಾವುದಾದರೂ ತೋಟದವರು ಎರವಲು ಕೊಡುತ್ತಾರೆ, ಕುಯ್ಲಿಗೆ ಮುಂಚೆ ಅದಕ್ಕೆ ಕೆಲಸವೂ ಇರುವುದಿಲ್ಲ. ದಪ್ಪ ರಬ್ಬರ್ ಕೈಗವಸು ಮಾತ್ರ ಹಣ ಕೊಟ್ಟು ತನ್ನಿ. ಔಷಧಿ ಅಂಗಡಿಯ ತೆಳುವಾದದ್ದು ಒಡೆದ ಬಾಟಲಿಗೆ ತಡೆಯುವುದಿಲ್ಲ. ಗುಜರಿಯವರು ಕೊಳ್ಳುವುದು, ಕೊಳ್ಳದೇ ಇರುವುದು ಎಂದು ಎರಡು ರಾಶಿ ಮಾಡಿ. ಚಿಪ್ಸ್ ಪೊಟ್ಟಣದಂಥ ಹಲವು ಪದರದ ಹಾಳೆಗಳು ಎರಡನೆಯ ರಾಶಿಯಲ್ಲಿ ಗುಡ್ಡೆ ಬೀಳುತ್ತವೆ. ಒಲೆಗೆ ಹೋಗುತ್ತಿದ್ದದ್ದು ಗಾಡಿಗೆ ಬರತೊಡಗಿದಾಗ ಎಂಟನೆಯ ವಾರದ ತೂಕ ಮೊದಲಿಗಿಂತ ಹೆಚ್ಚಾಗಬಹುದು. ಗಾಬರಿಯಾಗಬೇಡಿ, ಅದು ಗೆಲುವೇ. ವರದಿ ಚೆನ್ನಾಗಿ ಕಾಣಲೆಂದು ಅಂಕಿ ತಿದ್ದಬೇಡಿ.

ಆ ಅಂಕಿಗಳನ್ನು ಗ್ರಾಮಸಭೆಯಲ್ಲಿ ಓದಿ. ಪಂಚಾಯಿತಿಯ ಗ್ರಂಥಾಲಯವಾದ ಅರಿವು ಕೇಂದ್ರದ ಗೋಡೆಗೆ ಕೈಬರಹದ ಹಾಳೆ ಅಂಟಿಸಿ. ಫ್ಲೆಕ್ಸ್ ಬೇಡವೇ ಬೇಡ. ರಾಜ್ಯ ಸರ್ಕಾರ 2016ರ ಮಾರ್ಚ್‌ನಲ್ಲಿ ಪ್ಲಾಸ್ಟಿಕ್ ಕೈಚೀಲ, ತಟ್ಟೆ, ಲೋಟಗಳ ಜೊತೆ ಅದನ್ನೂ ನಿಷೇಧಿಸಿದೆ. ಹಳೆಯ ಬೆಡ್‌ಶೀಟಿನ ಮೇಲೆ ಬಣ್ಣದಲ್ಲಿ ಬರೆಯಿರಿ. ಸಭೆಯಲ್ಲಿ ಚಹಾಕ್ಕೆ ಸ್ಟೀಲ್ ಲೋಟ ತನ್ನಿ, ಏಕೆಂದರೆ ಕಾಗದದ ಲೋಟದ ಒಳಗೂ ಪ್ಲಾಸ್ಟಿಕ್ ಲೇಪ ಇರುತ್ತದೆ. ಮಣ್ಣಿನಲ್ಲಿ ಕರಗುತ್ತದೆಂದು ಮಾರುವ ಹಸಿರು ಚೀಲಗಳನ್ನೂ ನಂಬಬೇಡಿ. ಅವುಗಳಲ್ಲಿ ಹೆಚ್ಚಿನವು ಕರಗುವುದು ದೊಡ್ಡ ಗೊಬ್ಬರ ಘಟಕದ ಬಿಸಿಯಲ್ಲಿ, ನಮ್ಮ ತಣ್ಣನೆಯ ಗುಂಡಿಯಲ್ಲಿ ಹಾಗೆಯೇ ಉಳಿಯುತ್ತವೆ. ಟೀ ಶರ್ಟು, ಟೋಪಿ, ಪ್ರತಿಜ್ಞಾವಿಧಿ ಯಾವುದೂ ಬೇಡ.

ಶಾಲೆಗಳಿಗೆ ಹೋಗುವುದಾದರೆ ಚಿತ್ರ ಬರೆಯುವ ಸ್ಪರ್ಧೆ ಬಿಟ್ಟು, ಮಕ್ಕಳನ್ನು ಹತ್ತಿರದ ತೋಡಿನ ದಡದಲ್ಲಿ ಅರ್ಧ ಗಂಟೆ ನಡೆಸಿ.

ಎಂಟನೆಯದು: ಪುಸ್ತಕ ಹಸ್ತಾಂತರ

ಅಂತಿಮ ವರ್ಷದವರು ಹೋಗುತ್ತಾರೆ, ಮನೆಗಳು ಅಲ್ಲೇ ಇರುತ್ತವೆ. ಪ್ರತಿ ಜೋಡಿಯಲ್ಲಿ ಒಬ್ಬರು ಕಿರಿಯ ತರಗತಿಯವರಾಗಿದ್ದರೆ ಮುಂದಿನ ವರ್ಷ ಪರಿಚಯದ ಮುಖ ಒಂದಾದರೂ ಉಳಿಯುತ್ತದೆ. ಒಂದು ದಪ್ಪ ನೋಟ್‌ಬುಕ್ಕಿನಲ್ಲಿ ಮನೆಗೊಂದು ಪುಟ ಇರಲಿ: ಯಾರ ಜೊತೆ ಮಾತನಾಡಿದಿರಿ, ಹಗ್ಗ ಎಲ್ಲಿ ಕಟ್ಟಿದಿರಿ, ಯಾವುದಕ್ಕೆ ಸಿಟ್ಟಾದರು, ಮಳೆ ಲೆಕ್ಕದ ಪುಸ್ತಕ ಇದೆಯೇ. ಪುಟದ ತಲೆಯ ಮೇಲೆ, ಕೆಂಪು ಶಾಯಿಯಲ್ಲಿ, ನಾಯಿ ಕಚ್ಚುತ್ತದೆಯೋ ಬರೀ ಬೊಗಳುತ್ತದೆಯೋ ಎಂಬುದನ್ನೂ ಬರೆದಿಡಿ.