ರೋಬೋ ಟೀಮ್‌ನವರೇ, ಮೊದಲು ಬ್ಯಾಟರಿ ಕೀಳುವುದನ್ನು ಕಲಿಯಿರಿ

ಕಾಲೇಜಿನಲ್ಲಿ ಹೊಸದಾಗಿ ರೋಬೋಟಿಕ್ಸ್ ಟೀಮ್ ಕಟ್ಟಿದವರಿಗೆ ಸೇಫ್ಟಿ ಅಂದರೆ ಮೊದಲು ನೆನಪಾಗುವುದು ಗೋಡೆಗೆ ಅಂಟಿಸುವ ಪೋಸ್ಟರ್. ಅಂಟಿಸಿ, ಬೇಡ ಅನ್ನುವುದಿಲ್ಲ. ಎರಡನೇ ವಾರಕ್ಕೆ ಅದನ್ನು ಯಾರೂ ಓದುವುದಿಲ್ಲ ಅಷ್ಟೆ. ನನ್ನನ್ನು ಕೇಳಿದರೆ ಟೀಮಿಗೆ ಮೊದಲು ಬೇಕಾಗಿರುವುದು ಒಂದೇ ಒಂದು ಅಭ್ಯಾಸ. ರೋಬೋ ಒಳಗೆ ಕೈ ಹಾಕುವ ಮುಂಚೆ ಬ್ಯಾಟರಿ ಕನೆಕ್ಟರ್ ಕೀಳಬೇಕು, ಕಿತ್ತ ತುದಿ ಎಲ್ಲರಿಗೂ ಕಾಣುವ ಹಾಗೆ ಹೊರಗೆ ನೇತಾಡುತ್ತಿರಬೇಕು. ಸ್ವಿಚ್ ಆಫ್ ಮಾಡಿದ್ದೀನಿ ಅಂದರೆ ಸಾಲದು. ರಿಮೋಟ್ ಆಫ್ ಇದೆ ಅನ್ನುವುದಂತೂ ಲೆಕ್ಕಕ್ಕೇ ಇಲ್ಲ.

ಯಾಕೆ ಇಷ್ಟು ಹಟ ಅಂತೀರಾ? ಆರ್ಡುಯಿನೋಗೆ (ರೋಬೋ ನಡೆಸುವ ಪುಟ್ಟ ಕಂಪ್ಯೂಟರ್ ಬೋರ್ಡ್) ಕೋಡ್ ಹಾಕುವಾಗ ಬೋರ್ಡ್ ರೀಸೆಟ್ ಆಗುತ್ತದೆ. ಆ ಹೊತ್ತಿನಲ್ಲಿ ಅದರ ಪಿನ್‌ಗಳು ಆನೂ ಅಲ್ಲ, ಆಫೂ ಅಲ್ಲ. ಮೋಟಾರಿಗೆ ಕರೆಂಟ್ ಕೊಡುವ ಮೋಟಾರ್ ಡ್ರೈವರ್ ಅದನ್ನೇ ಸಿಗ್ನಲ್ ಅಂದುಕೊಂಡರೆ ಚಕ್ರ ತಟ್ಟನೆ ತಿರುಗುತ್ತದೆ, ಚೈನ್ ಮತ್ತು ಸ್ಪ್ರಾಕೆಟ್ ನಡುವೆ ಇರುವ ಬೆರಳು ಅದಕ್ಕೆ ಗೊತ್ತಾಗುವುದಿಲ್ಲ. ಸಿಗ್ನಲ್ ಪಿನ್‌ನಿಂದ ಗ್ರೌಂಡ್‌ಗೆ ಒಂದು 10 ಕೆ (10,000 ಓಮ್) ರೆಸಿಸ್ಟರ್ ಹಾಕಿದರೆ ಈ ಕಾಟ ಬಹುಪಾಲು ತಪ್ಪುತ್ತದೆ, ಹಾಕಿ. ಆದರೂ ಕೋಡ್ ಅಪ್‌ಲೋಡ್ ಮಾಡುವಾಗ ಯುಎಸ್‌ಬಿ ಕೇಬಲ್ ಒಂದೇ ಇರಲಿ, ಬ್ಯಾಟರಿ ಬೇಡ.

ಪವರ್ ಕೊಡುವುದಕ್ಕೂ ಒಂದು ಕ್ರಮ ಇದೆ. ರೋಬೋವನ್ನು ಮರದ ದಿಮ್ಮಿ ಮೇಲೋ ಸ್ಟ್ಯಾಂಡ್ ಮೇಲೋ ಕೂರಿಸಿ, ಚಕ್ರ ನೆಲಕ್ಕೆ ತಾಗಬಾರದು. ಮೊದಲು ರಿಮೋಟ್ ಆನ್, ಆಮೇಲೆ ರೋಬೋ. ಆಫ್ ಮಾಡುವಾಗ ಉಲ್ಟಾ. ಪ್ಲಗ್ ಹಾಕುವವರು "ಪವರ್!" ಅಂತ ಜೋರಾಗಿ ಕೂಗಬೇಕು, ಸುತ್ತ ಇರುವವರು ಕೈ ತೆಗೆದಿದ್ದಾರಾ ಅಂತ ನೋಡಿಯೇ ಹಾಕಬೇಕು. ಮೊದಮೊದಲು ಎಲ್ಲರೂ ನಗುತ್ತಾರೆ. ನಗಲಿ ಬಿಡಿ.

ರಿಮೋಟ್ ಸಿಗ್ನಲ್ ಹೋದರೆ ರೋಬೋ ಏನು ಮಾಡುತ್ತದೆ ಅನ್ನುವುದನ್ನೂ ಆಗಲೇ ನೋಡಿಬಿಡಿ. ನಮ್ಮ ಕಡೆ ಜಾಸ್ತಿ ಟೀಮ್‌ಗಳು ಬಳಸುವುದು ಫ್ಲೈಸ್ಕೈ ಐ6 ಅನ್ನುವ ರಿಮೋಟ್. ಅದರ ಆರ್‌ಎಕ್ಸ್ (ರಿಸೀವರ್) ಸೆಟಪ್ ಮೆನುವಿನಲ್ಲಿ ಫೇಲ್‌ಸೇಫ್ ಅಂತ ಇದೆ, ಸಿಗ್ನಲ್ ಹೋದರೆ ಮೋಟಾರ್ ಏನು ಮಾಡಬೇಕು ಅಂತ ಅಲ್ಲಿ ಹೇಳಿಡಬಹುದು. ಚಕ್ರ ಗಾಳಿಯಲ್ಲಿರುವಾಗ ಮೋಟಾರ್ ಓಡಿಸಿ, ಹಾಗೇ ರಿಮೋಟ್ ಆಫ್ ಮಾಡಿ. ಮೋಟಾರ್ ನಿಂತರೆ ಸರಿ. ಓಡುತ್ತಲೇ ಇದ್ದರೆ ಫೇಲ್‌ಸೇಫ್ ಸೆಟ್ ಆಗಿಲ್ಲ, ಅದು ಸರಿಯಾಗುವ ತನಕ ಆ ರೋಬೋ ನೆಲಕ್ಕೆ ಇಳಿಯಬಾರದು. ರೋಬೋವಾರ್ (ರೋಬೋಗಳ ಕಾಳಗ) ಆಡುವವರಾದರೆ ತಿರುಗುವ ಆಯುಧಕ್ಕೆ ಅಡ್ಡಪಿನ್ ಹಾಕಿ ಲಾಕ್ ಮಾಡದೆ ಬ್ಯಾಟರಿ ಮುಟ್ಟಲೇಬೇಡಿ. ಪವರ್ ಕಟ್ ಆದ ಮೇಲೂ ಆಯುಧದ ಡ್ರಮ್ ಎಷ್ಟೋ ಹೊತ್ತು ತಿರುಗುತ್ತಿರುತ್ತದೆ, ಅದನ್ನು ಕಾಲಿನಿಂದ ನಿಲ್ಲಿಸಲು ಹೋಗುವ ಮಹಾನುಭಾವರೂ ಇದ್ದಾರೆ.

ಈಗ ಬ್ಯಾಟರಿ. ಇಲ್ಲಿ ಸ್ವಲ್ಪ ನಿಧಾನವಾಗಿ ಓದಿ.

ಲಿಪೋ (ಲಿಥಿಯಂ ಪಾಲಿಮರ್) ಬ್ಯಾಟರಿ 11 ವೋಲ್ಟ್ ತಾನೇ, ಶಾಕ್ ಹೊಡೆಯಲ್ವಲ್ಲ ಅನ್ನುವುದು ಎಲ್ಲ ಫಸ್ಟ್ ಇಯರ್‌ನವರ ಮಾತು. ಶಾಕ್ ಹೊಡೆಯುವುದಿಲ್ಲ, ನಿಜ. ಆದರೆ 2200 ಎಂಎಎಚ್, 25ಸಿ ಅಂತ ಬರೆದಿರುವ ಪುಟ್ಟ ಪ್ಯಾಕ್ ಅದರ ಲೇಬಲ್ ಪ್ರಕಾರವೇ 55 ಆಂಪಿಯರ್ ಕೊಡುತ್ತದೆ. 2200 ಎಂಎಎಚ್ ಅಂದರೆ 2.2 ಆಂಪಿಯರ್-ಅವರ್, 25ಸಿ ಅಂದರೆ ಅದರ 25 ಪಟ್ಟು ಕರೆಂಟ್. ಮನೆಯಲ್ಲಿ ಗೀಸರ್ ಹಾಕುವ ದೊಡ್ಡ ಸಾಕೆಟ್ 16 ಆಂಪಿಯರ್‌ದು. ಶಾರ್ಟ್ ಆದರೆ 55ಕ್ಕೂ ನಿಲ್ಲುವುದಿಲ್ಲ, ಉಂಗುರವೋ ಕಡಗವೋ ಎರಡು ತುದಿಗೆ ತಾಗಿದರೆ ಕ್ಷಣದಲ್ಲಿ ಕೆಂಪಗೆ ಕಾಯುತ್ತದೆ. ಹಾಗಾಗಿ ವೈರಿಂಗ್‌ಗೆ ಕೂರುವ ಮುಂಚೆ ಉಂಗುರ, ಬಳೆ, ಲೋಹದ ವಾಚ್ ಎಲ್ಲ ಬಿಚ್ಚಿಡಿ. ಬ್ಯಾಟರಿಯ ಪ್ಲಸ್ ವೈರಿನಲ್ಲಿ, ಆದಷ್ಟು ಬ್ಯಾಟರಿ ಹತ್ತಿರವೇ, ಒಂದು ಫ್ಯೂಸ್ ಇರಲಿ.

ಕನೆಕ್ಟರ್ ಬದಲಾಯಿಸುವಾಗ ಎರಡೂ ವೈರನ್ನು ಒಟ್ಟಿಗೆ ಕಟ್ಟರ್‌ಗೆ ಕೊಟ್ಟಿರೋ, ಕಟ್ಟರ್ ಬಾಯೇ ಶಾರ್ಟ್ ಮಾಡುತ್ತದೆ. ಮೊದಲು ಕೆಂಪು ವೈರ್ ಕತ್ತರಿಸಿ, ಹೊಸ ಎಕ್ಸ್‌ಟಿ60 ಕನೆಕ್ಟರ್‌ಗೆ ಬೆಸುಗೆ ಹಾಕಿ, ಹೀಟ್‌ಶ್ರಿಂಕ್ (ಬಿಸಿಗೆ ಕುಗ್ಗಿ ಬಿಗಿಯುವ ಕೊಳವೆ) ಏರಿಸಿ ಕೂರಿಸಿ. ಅದು ಮುಗಿದ ಮೇಲೆಯೇ ಕಪ್ಪು. ಬ್ಯಾಟರಿ ಕಡೆ ಯಾವಾಗಲೂ ಹೆಣ್ಣು ಕನೆಕ್ಟರ್, ಅಂದರೆ ಲೋಹದ ತುದಿ ಒಳಗೆ ಅಡಗಿರುವಂಥದ್ದು.

ಚಾರ್ಜಿಂಗ್ ಲೆಕ್ಕ ಸುಲಭ. 2200 ಎಂಎಎಚ್‌ಗೆ 2.2 ಆಂಪಿಯರ್, ಅದಕ್ಕಿಂತ ಜಾಸ್ತಿ ಬೇಡ. ಪ್ಯಾಕ್ ಒಳಗಿನ ಎಲ್ಲ ಸೆಲ್ ಸಮವಾಗಿ ತುಂಬುವ ಬ್ಯಾಲೆನ್ಸ್ ಮೋಡ್‌ನಲ್ಲೇ ಹಾಕಿ. ಸೆಲ್ ಎಷ್ಟು ಅಂತ ಪ್ಯಾಕ್ ಮೇಲೆ ಓದಿ, ಚಾರ್ಜರ್ ಪರದೆ ಮೇಲೆ ಓದಿ, ಎರಡೂ ತಾಳೆಯಾದರೆ ಸ್ಟಾರ್ಟ್ ಒತ್ತಿ. ಒಂದೊಂದು ಸೆಲ್ 4.2 ವೋಲ್ಟ್ ತುಂಬಿದರೆ ಪೂರ್ತಿ, ಓಡಿಸುವಾಗ 3.5ರ ಹತ್ತಿರ ಬಂದರೆ ನಿಲ್ಲಿಸಿ, 3.0ಕ್ಕಿಂತ ಕೆಳಗೆ ಹೋದದ್ದನ್ನು ಮತ್ತೆ ಚಾರ್ಜಿಗೆ ಹಾಕಬೇಡಿ. ವಾರಗಟ್ಟಲೆ ಇಡುವುದಾದರೆ 3.8ಕ್ಕೆ ತಂದು ಇಡಿ. ಚಾರ್ಜ್ ಮಾಡುವ ಜಾಗ ಗ್ರಾನೈಟ್ ಅಥವಾ ಟೈಲ್ಸ್ ಕಟ್ಟೆ ಆಗಿರಲಿ, ಪ್ಲೈವುಡ್ ಟೇಬಲ್ ಬೇಡ, ಹಾಸ್ಟೆಲ್ ಮಂಚ ಬೇಡವೇ ಬೇಡ. ಚಾರ್ಜ್ ಆಗುವಷ್ಟು ಹೊತ್ತು ಒಬ್ಬರು ಅಲ್ಲೇ ಇರಬೇಕು. ಸುಮ್ನೆ ಟೀ ಕುಡಿದು ಬರ್ತೀನಿ ಅನ್ನುವವರು ಪ್ಲಗ್ ಕಿತ್ತು ಹೋಗಲಿ.

ಇಡ್ಲಿ ಥರ ಉಬ್ಬಿದ ಬ್ಯಾಟರಿ ಇನ್ನು ಕೆಲಸಕ್ಕೆ ಬರುವುದಿಲ್ಲ. ಅದನ್ನು ಒತ್ತಬೇಡಿ, ಚುಚ್ಚಬೇಡಿ, ಇನ್ನೊಂದೇ ಮ್ಯಾಚ್ ಆಡಿಸೋಣ ಅನ್ನಬೇಡಿ. ತುದಿಗೆ ಟೇಪ್ ಸುತ್ತಿ, ಕಟ್ಟಡದ ಹೊರಗೆ ಮರಳು ತುಂಬಿದ ಡಬ್ಬದಲ್ಲಿಟ್ಟು, ಆಮೇಲೆ ಇ-ವೇಸ್ಟ್ ತೆಗೆದುಕೊಳ್ಳುವವರಿಗೆ ಕೊಡಿ. ಬೆಂಕಿಯೇ ಹತ್ತಿದರೆ ಹೊಗೆ ವಿಷ, ಅದನ್ನು ಕುಡಿಯುತ್ತಾ ಹೀರೋ ಆಗುವುದು ಬೇಡ. ಕೈಗೆ ಸಿಕ್ಕಿದರೆ ಮಾತ್ರ ಮೇನ್ ಸ್ವಿಚ್ ಆಫ್ ಮಾಡಿ, ಪಕ್ಕದಲ್ಲೇ ಬಕೆಟ್ ಇದ್ದರೆ ಮರಳು ಸುರಿಯಿರಿ, ಎಲ್ಲರೂ ಹೊರಗೆ ಬಂದು 112ಕ್ಕೆ ಫೋನ್ ಮಾಡಿ.

ಮೆಷಿನ್ ವಿಷಯ. ಕನ್ನಡಕ ಕತ್ತರಿಸುವವರಿಗೆ ಮಾತ್ರ ಅಲ್ಲ, ಪಕ್ಕದಲ್ಲಿ ನಿಂತು ನೋಡುವವರಿಗೂ ಬೇಕು. ಕೂದಲು ಕಟ್ಟಿ, ದುಪಟ್ಟಾ ತೆಗೆದಿಡಿ, ಕೊರಳಲ್ಲಿ ಐಡಿ ಕಾರ್ಡ್ ಟ್ಯಾಗ್ ಇದ್ದರೆ ಅದನ್ನೂ. ಡ್ರಿಲ್ ಮಾಡುವಾಗ ಗ್ಲೌಸ್ ಹಾಕಬಾರದು ಅಂದರೆ ಹಲವರಿಗೆ ಆಶ್ಚರ್ಯ. ಬಟ್ಟೆ ಬಿಟ್‌ಗೆ ಸುತ್ತಿಕೊಂಡರೆ ಕೈಯನ್ನೂ ಎಳೆದುಕೊಂಡು ಹೋಗುತ್ತದೆ. ಅಲ್ಯೂಮಿನಿಯಂ ಶೀಟನ್ನು ಕೈಯಲ್ಲಿ ಹಿಡಿದು ತೂತು ಕೊರೆಯಬೇಡಿ, ಬಿಟ್ ಇನ್ನೇನು ಆಚೆ ಬರಬೇಕು ಅನ್ನುವಾಗಲೇ ಕಚ್ಚಿಕೊಂಡು ಶೀಟು ಫ್ಯಾನಿನಂತೆ ತಿರುಗುತ್ತದೆ. ವೈಸ್‌ಗೆ ಬಿಗಿಯಿರಿ. ಆಂಗಲ್ ಗ್ರೈಂಡರ್‌ನ ಗಾರ್ಡ್ ಬಿಚ್ಚಿಟ್ಟು ಕೆಲಸ ಮಾಡುವವರಿಗೆ ಮೆಷಿನ್ ಕೊಡಲೇಬೇಡಿ. ಡಿಸ್ಕ್ ಮೇಲೆ ಬರೆದಿರುವ ಆರ್‌ಪಿಎಂ ಮೆಷಿನ್‌ದಕ್ಕಿಂತ ಜಾಸ್ತಿ ಇರಬೇಕು. ಬೆಸುಗೆ ಹಾಕುವ ಕಡೆ ಹೊಗೆ ಎಳೆಯಲು ಒಂದು ಹಳೇ ಕಂಪ್ಯೂಟರ್ ಫ್ಯಾನ್ ಸಾಕು. ಮುಗಿದ ಮೇಲೆ ಕೈ ತೊಳೆಯದೆ ಪಫ್ಸ್ ಮುಟ್ಟಬೇಡಿ, ಬೆಸುಗೆ ತಂತಿಯಲ್ಲಿ ಸಾಮಾನ್ಯವಾಗಿ ಸೀಸ ಇರುತ್ತದೆ.

ಗಾಳಿ ಒತ್ತಡ ಬಳಸುವ ರೋಬೋ ಆದರೆ ಬ್ಯಾಟರಿ ಕಿತ್ತರಷ್ಟೇ ಸಾಲದು, ಗಾಳಿಯನ್ನೂ ಪೂರ್ತಿ ಬಿಡಬೇಕು. ಗೇಜ್ ಸೊನ್ನೆ ತೋರಿಸಿದ ಮೇಲೆ ಕೈ.

ಇಷ್ಟೆಲ್ಲ ಗೊತ್ತಿದ್ದೂ ಎಡವುವುದು ಸ್ಪರ್ಧೆಯ ಹಿಂದಿನ ರಾತ್ರಿ. ಅದಕ್ಕೆ ಸೇಫ್ಟಿ ನೋಡಿಕೊಳ್ಳುವವರು ಕ್ಯಾಪ್ಟನ್ ಆಗಿರಬಾರದು, ಕ್ಯಾಪ್ಟನ್‌ಗೆ ರೋಬೋ ಓಡಿಸುವ ಅವಸರ ಇರುತ್ತದೆ. ಬೇರೆ ಒಬ್ಬರನ್ನು ಆರಿಸಿ, ಅವರು ನಿಲ್ಲಿಸಿ ಅಂದರೆ ಫೈನಲ್ ಇಯರ್‌ನವರೂ ನಿಲ್ಲಿಸಬೇಕು. ರಾತ್ರಿ ಹನ್ನೊಂದಾದ ಮೇಲೆ ಕೋಡ್ ಬರೆಯಿರಿ, ವೈರ್ ನೀಟಾಗಿ ಕಟ್ಟಿ, ಆದರೆ ಗ್ರೈಂಡರ್ ಮತ್ತು ಡ್ರಿಲ್‌ಗೆ ಬೀಗ. ಲ್ಯಾಬಿನಲ್ಲಿ ಒಬ್ಬರೇ ಇದ್ದಾಗ ಹಗಲಲ್ಲೂ ಮೆಷಿನ್ ಬೇಡ.

ಸುಟ್ಟರೆ 20 ನಿಮಿಷ ನಲ್ಲಿ ನೀರಿನ ಕೆಳಗೆ ಹಿಡಿಯಿರಿ, ಟೂತ್‌ಪೇಸ್ಟ್ ಬಳಿಯಬೇಡಿ. ಕಣ್ಣಿಗೆ ಲೋಹದ ಚೂರು ಬಿದ್ದರೆ ಉಜ್ಜದೆ ನೇರ ಕಣ್ಣಿನ ಡಾಕ್ಟರ್ ಹತ್ತಿರ.

ಹೊರಗಿನ ಸ್ಪರ್ಧೆಗೆ ವಿಮಾನದಲ್ಲಿ ಹೋಗುವುದಾದರೆ ಬ್ಯಾಟರಿಗಳನ್ನು ಬಿಚ್ಚಿ ಕೈಚೀಲದಲ್ಲೇ ಇಟ್ಟುಕೊಳ್ಳಬೇಕು, ಚೆಕ್-ಇನ್ ಲಗೇಜಿಗೆ ಹಾಕುವ ಹಾಗಿಲ್ಲ. ವೋಲ್ಟನ್ನು ಆಂಪಿಯರ್-ಅವರ್‌ನಿಂದ ಗುಣಿಸಿ ನೋಡಿ. ನಾಲ್ಕು ಸೆಲ್‌ನ (14.8 ವೋಲ್ಟ್) 5000 ಎಂಎಎಚ್ ಪ್ಯಾಕ್ 74 ವ್ಯಾಟ್-ಅವರ್, 100ರ ಒಳಗಿದೆ, ಸಾಮಾನ್ಯವಾಗಿ ಬಿಡುತ್ತಾರೆ. ಆರು ಸೆಲ್‌ನದು (22.2 ವೋಲ್ಟ್) 111, ಅದಕ್ಕೆ ಮೊದಲೇ ಏರ್‌ಲೈನ್ ಒಪ್ಪಿಗೆ ಬೇಕು. 160 ದಾಟಿದರೆ ಕೈಚೀಲದಲ್ಲೂ ಬಿಡುವುದಿಲ್ಲ. ಎಷ್ಟು ಪ್ಯಾಕ್ ಒಯ್ಯಬಹುದು ಅಂತಲೂ ಟಿಕೆಟ್ ಬುಕ್ ಮಾಡುವಾಗಲೇ ಕೇಳಿಕೊಳ್ಳಿ, ಪ್ರತಿಯೊಂದರ ತುದಿಗೂ ಟೇಪ್ ಹಾಕಿ.